ಹೊಸ ಕಥೆ ಕಾದಂಬರಿಗೂ ಒಂದು ಕಪಾಟು ಕೊಡಿ: ಗ್ರಾಮ ಪಂಚಾಯಿತಿಗಳಿಗೆ ಬಹಿರಂಗ ಪತ್ರ

ಕರ್ನಾಟಕದ ಎಲ್ಲ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು, ಸದಸ್ಯರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ,

ಮಾನ್ಯರೇ,

ಹೋದ ಕಾರ್ತಿಕದಲ್ಲಿ ಒಂದು ರಾತ್ರಿ ಎಂಟು ಗಂಟೆಗೆ ನನಗೊಂದು ಫೋನ್ ಬಂತು. ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನ ಒಂದು ಹಳ್ಳಿಯಿಂದ. ಮಾತಾಡಿದವರು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೆಣ್ಣುಮಗಳು. ಧಾರವಾಡದಲ್ಲಿ ಓದುತ್ತಿರುವ ಅವರ ಮಗಳು ಪುಸ್ತಕ ಪ್ರದರ್ಶನವೊಂದರಲ್ಲಿ ನನ್ನ ಮೂರನೆಯ ಕಾದಂಬರಿ ಕೊಂಡು ಊರಿಗೆ ತಂದಿದ್ದಳಂತೆ.

"ಅಕ್ಕಾರ, ನಿಮ್ಮ ಪುಸ್ತಕದ ಕೊನಿ ಆರು ಹಾಳಿ ಕಿತ್ತು ಹೋಗ್ಯಾವ್ರಿ. ಹತ್ತು ಮಂದಿ ಓದೇವಿ. ಹನ್ನೊಂದನೇದಾಕಿ ಕೈಗೆ ಹೋಗೂದ್ರಾಗ ಹಾಳಿ ಇಲ್ಲ. ನಿನ್ನಿಂದ ಒಂದ ಸವನ ಕೇಳಾಕತ್ತಾಳ, ಕೊನಿಗೆ ಆ ಹುಡುಗಿ ತವರಮನಿಗೆ ಹೋದ್ಲೋ ಇಲ್ಲೋ ಅಂತ. ನಾವು ಬಾಯಿಲೆ ಹೇಳ್ತೀವಿ ಅಂದ್ರ ಒಲ್ಲೆ ಅಂತಾಳ. ಬರದದ್ದ ಕೇಳಬೇಕಂತ."

ಬರೆದದ್ದನ್ನೇ ಕೇಳಬೇಕು ಅಂದವರನ್ನು ನಾನು ಅವತ್ತಿನವರೆಗೆ ಕಂಡಿರಲಿಲ್ಲ. ಒಲೆ ಆರಿಸಿ, ಕೋಣೆಗೆ ಹೋಗಿ, ಮಂಚದ ಕೆಳಗಿನ ಕಟ್ಟಿನಿಂದ ಒಂದು ಪ್ರತಿ ಎಳೆದುಕೊಂಡು 197ನೇ ಪುಟದಿಂದ ಓದಲು ಕೂತೆ. ಆ ಕಡೆ ಸ್ಪೀಕರ್ ಹಾಕಿದರು. ಒಂದು ಮಗು ಅಳುತ್ತಿತ್ತು, ಯಾರೋ ಎತ್ತಿಕೊಂಡು ಆಚೆ ಹೋದರು. ಟಿ.ವಿ. ಸದ್ದು ನಿಂತಿತು. ಹನ್ನೆರಡು ಪುಟ ಓದಲು ಅರ್ಧ ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯಿತು. ಮುಗಿಸಿದ ಮೇಲೆ ಆ ಕಡೆ ಯಾರೂ ಮಾತಾಡಲಿಲ್ಲ. ಆಮೇಲೆ, ಅದುವರೆಗೆ ಕೇಳಿರದ ಒಂದು ಧ್ವನಿ, ಹನ್ನೊಂದನೆಯವರದೇ ಇರಬೇಕು: "ಹೋಗಲಿಲ್ಲ ಹೌದಲ್ರಿ. ಚಲೋ ಆತು."

ಫೋನ್ ಇಡುವ ಮುಂಚೆ ಕೇಳಿದೆ, ನಿಮ್ಮೂರಲ್ಲಿ ಲೈಬ್ರರಿ ಇಲ್ಲವಾ ಎಂದು.

"ಐತ್ರಿ ಅಕ್ಕಾರ. ಪಂಚಾಯ್ತಿ ಬಾಜೂಕ ಐತಿ. ಚಂದ ಬಣ್ಣಾ ಹಚ್ಯಾರ. ಅಲ್ಲೆ ಹುಡುಗರ ಪರೀಕ್ಷಾ ಪುಸ್ತಕ ಅದಾವು. ನಾವು ಓದೂವಂಥಾವು ಇಲ್ರಿ."

ಆ ಕೊನೆಯ ಮಾತಿಗಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ತಿಪಟೂರಿನವಳು. ಕೊಬ್ಬರಿ ಮಂಡಿಯೊಂದರಲ್ಲಿ ಹದಿನೇಳು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಮೂರು ಕಾದಂಬರಿ, ಒಂದು ಕಥಾಸಂಕಲನ ಬರೆದಿದ್ದೇನೆ. ನಾಲ್ಕನ್ನೂ ನಾನೇ ಅಚ್ಚು ಹಾಕಿಸಿದ್ದೇನೆ. ಮೊದಲ ಹಸ್ತಪ್ರತಿಯನ್ನು ಇಬ್ಬರು ಪ್ರಕಾಶಕರಿಗೆ ಕೊಟ್ಟು ಎರಡು ವರ್ಷ ಕಾದೆ. ಒಬ್ಬರಿಂದ ಉತ್ತರ ಬರಲಿಲ್ಲ. ಇನ್ನೊಬ್ಬರು, ಇನ್ನೂರು ಪ್ರತಿ ನೀವೇ ಕೊಳ್ಳುವುದಾದರೆ ಮಾಡೋಣ ಎಂದರು. ಇನ್ನೂರು ಪ್ರತಿಗೆ ಕೊಡುವ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಐನೂರು ಪ್ರತಿ ನನ್ನದೇ ಹೆಸರಲ್ಲಿ ಅಚ್ಚಾಗುತ್ತದೆ ಎಂದು ಮಂಡಿಯ ಲೆಕ್ಕದ ಹಾಳೆಯ ಹಿಂಬದಿಯಲ್ಲಿ ಕೂಡಿ ಕಳೆದು ನೋಡಿದೆ. ಅವತ್ತಿನಿಂದ ಬರಹಗಾರ್ತಿ, ಪ್ರಕಾಶಕಿ, ಕರಡು ತಿದ್ದುವವಳು, ಕಟ್ಟು ಕಟ್ಟುವವಳು, ಬಾಕಿ ವಸೂಲಿಗೆ ಫೋನ್ ಮಾಡುವವಳು ಎಲ್ಲ ನಾನೇ.

ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಆರು ಗಂಟೆವರೆಗೆ ಬರೆಯುತ್ತೇನೆ. ಆರಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆ, ಆಮೇಲೆ ಮನೆಯ ಕೆಲಸ, ಹತ್ತಕ್ಕೆ ಮಂಡಿ. ಹರಾಜಿನ ದಿನ ಬರವಣಿಗೆ ಇಲ್ಲ. ಅವತ್ತು ರೈತರು ಬೆಳಗಾಗುವ ಮೊದಲೇ ಚೀಲ ಇಳಿಸಿಕೊಂಡು ನಿಂತಿರುತ್ತಾರೆ, ರೇಟು ಕೂಗಿ ಮುಗಿಯುವವರೆಗೆ ತಲೆ ಎತ್ತಲು ಆಗುವುದಿಲ್ಲ. ವಾರದಲ್ಲಿ ಐದು ದಿನ ಒಂದೂವರೆ ಗಂಟೆಯಂತೆ ಬರೆದು ಮೂರನೆಯ ಕಾದಂಬರಿ ಮುಗಿಸಲು ಎರಡು ವರ್ಷ ಎಂಟು ತಿಂಗಳು ಬೇಕಾಯಿತು.

ಬರೆದು ಮುಗಿಸಿದ ಮೇಲೆ ಶುರುವಾಗುವ ಕೆಲಸದ ಬಗ್ಗೆ ಓದುಗರಿಗೆ ಗೊತ್ತಿರುವುದು ಕಡಿಮೆ. ಪಂಚಾಯಿತಿಯ ಹಣ ಖರ್ಚು ಮಾಡುವ ನಿಮಗೆ ಅದು ಗೊತ್ತಿರಬೇಕು.

ನಾನು ಯೂನಿಕೋಡ್‌ನಲ್ಲಿ ಟೈಪ್ ಮಾಡಿಕೊಟ್ಟ ಕಡತವನ್ನು ಪುಟ ಜೋಡಿಸುವ ಡಿಟಿಪಿಯವರು ತಮ್ಮ ಹಳೆಯ ಫಾಂಟಿಗೆ ಬದಲಿಸುತ್ತಾರೆ. ಆಗ ಒತ್ತಕ್ಷರಗಳು ಜಾಗ ಬಿಡುತ್ತವೆ, ಅರ್ಕಾವೊತ್ತು ಪಕ್ಕದ ಅಕ್ಷರದ ತಲೆ ಮೇಲೆ ಹೋಗಿ ಕೂರುತ್ತದೆ. ಮೂರು ಸಲ ಪ್ರೂಫ್ ನೋಡಿದೆ. ಮೂರನೆಯ ಸಲ ಗಟ್ಟಿಯಾಗಿ ಓದಿದೆ. ಕಣ್ಣಿಗೆ ಬೀಳದ ತಪ್ಪು ಬಾಯಿಗೆ ಸಿಗುತ್ತದೆ ಎಂಬುದನ್ನು ಮಂಡಿಯಲ್ಲಿ ಪಟ್ಟಿ ತಾಳೆ ನೋಡುವಾಗ ಕಲಿತಿದ್ದೆ. ಎಲ್ಲ ಮುಗಿದಾಗ ಪುಸ್ತಕ 214 ಪುಟ ಬಂತು. ಅಚ್ಚಿನವರು ಹೇಳಿದರು: "ಮೇಡಂ, ಡೆಮಿ ಅಳತೆಯಲ್ಲಿ ಒಂದು ಫಾರಂ ಅಂದ್ರೆ ಹದಿನಾರು ಪುಟ. 208ಕ್ಕೆ ಹದಿಮೂರು ಫಾರಂ ಸರಿಹೋಗುತ್ತೆ. ನಿಮ್ಮದು ಆರು ಪುಟ ಹೆಚ್ಚಾಗಿ ಹದಿನಾಲ್ಕನೇ ಫಾರಂಗೆ ಹೋಗ್ತಿದೆ." ಒಂದು ಫಾರಂ ಎಂದರೆ ಐನೂರು ಪ್ರತಿಯ ಕಾಗದ, ಪ್ಲೇಟು, ಮಡಿಕೆ ಎಲ್ಲ ಸೇರಿ ನನ್ನ ಸಂಬಳದ ದೊಡ್ಡ ಭಾಗ. ಒಂದು ವಾರ ಕೂತು ಆರು ಪುಟ ತೆಗೆದೆ. ತೆಗೆದದ್ದು ಜಾತ್ರೆಯ ಒಂದು ಅಧ್ಯಾಯ. ಅದು ಹೋದ ಮೇಲೆ ಕಾದಂಬರಿ ಬಿಗಿಯಾಯಿತು ಎಂದು ಈಗ ಅನಿಸುತ್ತದೆ. ಆದರೆ ಅವತ್ತು ಕತ್ತರಿ ಹಾಕಿಸಿದ್ದು ಕಾಗದದ ಲೆಕ್ಕವೇ.

ಖರ್ಚು ಹೇಳುತ್ತೇನೆ. ಅಚ್ಚು ಮತ್ತು ಬೈಂಡಿಂಗ್ 42,000 ರೂಪಾಯಿ. ಪುಟಕ್ಕೆ 25ರಂತೆ ಡಿಟಿಪಿ 5,200. ಮುಖಪುಟ 3,500. ಸಾಗಣೆ 1,300. ಒಟ್ಟು 52,000, ಪ್ರತಿಗೆ 104 ರೂಪಾಯಿ. ಬೆಲೆ 220 ಇಟ್ಟೆ. ಅಂಗಡಿಗೆ ಕೊಟ್ಟರೆ ನೂರಕ್ಕೆ 40 ಅವರ ಪಾಲು, ನನಗೆ ಉಳಿಯುವುದು 132. ಅದೂ ಮಾರಿದ ಮೇಲೆ, ಅವರು ಕೊಟ್ಟಾಗ. ಒಂದು ಅಂಗಡಿ 25 ಪ್ರತಿ ತೆಗೆದುಕೊಂಡು ಹನ್ನೊಂದು ಮಾರಿದೆ ಎಂದು ಹೇಳಿ ವರ್ಷವಾಯಿತು, ಹಣ ಇನ್ನೂ ಬಂದಿಲ್ಲ. ಕೊಬ್ಬರಿ ವ್ಯಾಪಾರದಲ್ಲಿ ಹೀಗೆ ಮಾಡಿದವರನ್ನು ಮಾರುಕಟ್ಟೆಯಲ್ಲಿ ನಿಲ್ಲಗೊಡುವುದಿಲ್ಲ.

ಹಾಗಾಗಿ ನಾನು ನೆಚ್ಚಿಕೊಂಡಿರುವುದು ಅಂಚೆಯನ್ನು. ರಾತ್ರಿ ಊಟವಾದ ಮೇಲೆ ಅವತ್ತು ಬಂದ ವಿಳಾಸಗಳನ್ನು ಮುಂದಿಟ್ಟುಕೊಂಡು ಕೂರುತ್ತೇನೆ. ಪುಸ್ತಕವನ್ನು ಮೊದಲು ಪ್ಲಾಸ್ಟಿಕ್ ಕವರಿಗೆ ಹಾಕಬೇಕು, ಮಳೆಗಾಲವಿರಲಿ ಇಲ್ಲದಿರಲಿ. ಅದರ ಎರಡೂ ಕಡೆ ಕಿರಾಣಿ ಅಂಗಡಿಯ ಬಿಸ್ಕತ್ ಡಬ್ಬದ ರಟ್ಟು, ಮೇಲೆ ಕಂದು ಕಾಗದ, ಮೂಲೆಗಳಿಗೆ ಟೇಪು. ಆಮೇಲೆ ತಕ್ಕಡಿ. ನನ್ನ ಕಾದಂಬರಿ 242 ಗ್ರಾಂ ಇದೆ, ಕಟ್ಟಿದ ಮೇಲೆ 288. ಎರಡು ಸುತ್ತು ಟೇಪು, ಸ್ವಲ್ಪ ದಪ್ಪ ರಟ್ಟು ಆದರೆ ಮುನ್ನೂರು ದಾಟುತ್ತದೆ, ದರ ಮೇಲಿನ ಹಂತಕ್ಕೆ ಹೋಗುತ್ತದೆ. 2024ರ ಡಿಸೆಂಬರಿನಲ್ಲಿ ಅಂಚೆಯವರ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತಾಗ ನಾನು ಬಿಡಿ ಪ್ರತಿ ಕಳಿಸುವುದನ್ನೇ ನಿಲ್ಲಿಸಿದ್ದೆ, ಪುಸ್ತಕಕ್ಕಿಂತ ಕಳಿಸುವ ಖರ್ಚಿನದೇ ಚಿಂತೆಯಾಗಿತ್ತು. 2025ರ ಮೇ 1ರಿಂದ ಪುಸ್ತಕ ಕಳಿಸಲು ಜ್ಞಾನ ಪೋಸ್ಟ್ ಎಂಬ ಅಂಚೆ ಸೇವೆ ಬಂತು. 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗೆ 100, ತೆರಿಗೆ ಬೇರೆ. ಅದು ಬಂದ ದಿನ ನಮ್ಮ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಹೆಣ್ಣುಮಗಳು ನನ್ನನ್ನು ಕಂಡು ತಾನಾಗಿಯೇ ಕರೆದು ಹೇಳಿದಳು. ಈ ಐದು ಕಿಲೋ ನೆನಪಿಡಿ, ಮುಂದೆ ನಿಮಗೆ ಬೇಕಾಗುತ್ತದೆ.

ಪುಸ್ತಕ ಅಚ್ಚಾಗಿ ಹದಿನಾಲ್ಕು ತಿಂಗಳಾಯಿತು. ಅಂಚೆಯಲ್ಲಿ ಹೋದದ್ದು 212. ಅಂಗಡಿ, ಪ್ರದರ್ಶನಗಳಲ್ಲಿ 96. ಗೌರವ ಪ್ರತಿ ಎಂದು ಕೈಬಿಟ್ಟದ್ದು 38. ಮಂಚದ ಕೆಳಗೆ 154 ಇವೆ. ಗೆದ್ದಲು ಬಾರದಂತೆ ಅಡಿಗೆ ಇಟ್ಟಿಗೆ ಕೊಟ್ಟು, ಬೇವಿನ ಸೊಪ್ಪು ಇಟ್ಟು, ಮಂಡಿಯ ಗೋಣಿಚೀಲ ಹೊದಿಸಿದ್ದೇನೆ.

ಈಗ ಒಂದು ಮಾತು ಗಮನಿಸಿ. 1954ರ ಕಾನೂನೊಂದಿದೆ. ಅದರ ಪ್ರಕಾರ ಈ ದೇಶದಲ್ಲಿ ಪುಸ್ತಕ ಪ್ರಕಟಿಸುವ ಪ್ರತಿಯೊಬ್ಬರೂ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಜೊತೆಗೆ ಚೆನ್ನೈ, ಮುಂಬೈ, ದೆಹಲಿಯ ಒಂದೊಂದು ಗ್ರಂಥಾಲಯಕ್ಕೆ ತಮ್ಮ ಖರ್ಚಿನಲ್ಲೇ ಪ್ರತಿ ಕಳಿಸಬೇಕು. ನಾನು ಕಳಿಸಿದೆ, ಸಂತೋಷದಿಂದಲೇ ಕಳಿಸಿದೆ. ನಾನು ಇಲ್ಲವಾದ ಮೇಲೂ ನನ್ನ ಪುಸ್ತಕ ಅಲ್ಲಿರುತ್ತದೆ ಎಂಬುದು ದೊಡ್ಡ ಸಮಾಧಾನ. ಆದರೆ ತುಮಕೂರು ಜಿಲ್ಲೆಯ ಹೆಣ್ಣುಮಕ್ಕಳ ಮೇಲೆ ಬರೆದ ಕನ್ನಡ ಕಾದಂಬರಿ ಕೋಲ್ಕತ್ತದ ಕಪಾಟಿನಲ್ಲಿದೆ, ತಿಪಟೂರು ತಾಲ್ಲೂಕಿನಲ್ಲಿ ನಾನು ನೋಡಿದ ಪಂಚಾಯಿತಿ ಗ್ರಂಥಾಲಯಗಳ ಪೈಕಿ ಒಂದರಲ್ಲೂ ಇಲ್ಲ.

ಆ ಫೋನ್ ಬಂದ ಮೇಲೆ ನಾನು ಸುತ್ತಮುತ್ತಲಿನ ಆರು ಅರಿವು ಕೇಂದ್ರಗಳಿಗೆ, ಅಂದರೆ ಪಂಚಾಯಿತಿ ಗ್ರಂಥಾಲಯಗಳಿಗೆ, ಹೋಗಿ ಬಂದೆ. ಶಕ್ತಿ ಯೋಜನೆಯ ಟಿಕೆಟ್ ಇರುವುದರಿಂದ ಭಾನುವಾರ ಒಂದು, ರಜೆಯಲ್ಲಿ ಎರಡು ಎಂದು ಖರ್ಚಿಲ್ಲದೆ ಹೋಗಿ ಬರಲು ಆಯಿತು. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದ ಮೇಲೆ ಬಹಳಷ್ಟು ಒಳ್ಳೆಯದಾಗಿದೆ. ಗೋಡೆಗಳ ಮೇಲೆ ಚಿತ್ರಗಳಿವೆ, ಕಂಪ್ಯೂಟರ್ ಇದೆ, ಮಕ್ಕಳಿಗೆ ಸದಸ್ಯತ್ವ ಉಚಿತ. ಮಕ್ಕಳಿಗೆ ಓದಿನ ರುಚಿ ಹತ್ತಿಸುವ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ ಬಂದ ಚಿಕ್ಕ ಮಕ್ಕಳ ಪುಸ್ತಕಗಳು ಕೈ ಬದಲಾಯಿಸಿ ಬದಲಾಯಿಸಿ ಮೂಲೆ ಮಡಚಿಕೊಂಡಿವೆ, ಅದನ್ನು ನೋಡಿ ಹೊಟ್ಟೆ ತುಂಬಿತು. ಒಂದು ಕೇಂದ್ರದಲ್ಲಿ ಪೊಲೀಸ್ ಕೆಲಸದ ಪರೀಕ್ಷೆಗೆ ಓದುತ್ತಿದ್ದ ನಾಲ್ವರು ಹುಡುಗರು ತಲೆಯೆತ್ತಲೂ ಇಲ್ಲ. ಇದನ್ನೆಲ್ಲ ಮಾಡಿದ ಪಂಚಾಯಿತಿಗಳಿಗೆ ಕೈಮುಗಿಯುತ್ತೇನೆ.

ಕಥೆ ಕಾದಂಬರಿಗಳನ್ನು ಕೇಳಿದರೆ ಮಾತ್ರ ಆರು ಕಡೆಯೂ ಒಂದೇ ಥರ: ಗೋಡೆ ಮೂಲೆಯ ಗಾಜಿನ ಬೀರು, ಅದಕ್ಕೆ ಬೀಗ. ಒಂದು ಕಡೆ ಮೇಲ್ವಿಚಾರಕಿ ಬೀಗ ತೆಗೆದು ತೋರಿಸಿದರು. ಒಳಗಿದ್ದವು ನನ್ನ ಅಮ್ಮ ಓದುತ್ತಿದ್ದ ಕಾಲದವು, ಹೆಚ್ಚಿನವಕ್ಕೆ ಬೆನ್ನಿನ ಮೇಲಿನ ಹೆಸರು ಅಳಿಸಿಹೋಗಿದೆ. ಅದರಲ್ಲಿ ಒಂದನ್ನು ಅವರು ಬೇರೆಯಾಗಿ ತೆಗೆದು ಕೈಗೆ ಕೊಟ್ಟರು. ಹಳೆಯ ಕೌಟುಂಬಿಕ ಕಾದಂಬರಿ. ರಟ್ಟು ಬಿಟ್ಟುಹೋಗಿದ್ದನ್ನು ಯಾರೋ ಸೀರೆಗೆ ಫಾಲ್ಸ್ ಹಚ್ಚುವ ಹಾಗೆ ಸಣ್ಣ ಹೊಲಿಗೆಯಲ್ಲಿ, ನೀಲಿ ದಾರದಲ್ಲಿ ಹೊಲಿದಿದ್ದರು. "ನಾನು ಹೊಲಿದಿದ್ದಲ್ಲ ಮೇಡಂ, ತಗೊಂಡು ಹೋಗಿದ್ದೋರು ಹೊಲಿದು ವಾಪಸ್ ಕೊಟ್ರು" ಎಂದರು. ಎರವಲು ವಹಿ ತೆಗೆದು ಎಣಿಸಿದೆವು. ಆ ಒಂದು ಪುಸ್ತಕ ಎರಡು ವರ್ಷದಲ್ಲಿ ಹತ್ತೊಂಬತ್ತು ಸಲ ಆಚೆ ಹೋಗಿತ್ತು, ಹದಿನೇಳು ಸಲ ಹೆಂಗಸರ ಹೆಸರಲ್ಲಿ. ಒಬ್ಬರೇ ನಾಲ್ಕು ಸಲ ತೆಗೆದುಕೊಂಡು ಹೋಗಿದ್ದರು. ಯಾಕೆ ಎಂದು ಕೇಳಿದರೆ, "ಬೇರೆ ಇಲ್ವಲ್ಲ, ಅದನ್ನೇ ಓದ್ತಾರೆ."

ಹಳ್ಳಿಯಲ್ಲಿ ಈಗ ಯಾರು ಓದುತ್ತಾರೆ ಎಂದು ನಿಮ್ಮಲ್ಲಿ ಕೆಲವರು ಕೇಳುವುದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಆ ನೀಲಿ ದಾರದ ಹೊಲಿಗೆಯನ್ನು ನೋಡಿದರೆ ನಿಮಗೂ ಹಾಗೆ ಕೇಳಲು ಮನಸ್ಸು ಬರುವುದಿಲ್ಲ.

ಆ ಬೀರುವಿಗೆ ಹೊಸ ಪುಸ್ತಕ ಯಾಕೆ ಬರುವುದಿಲ್ಲ? ಹಣವಿಲ್ಲ ಎಂದು ಒಂದು ಕಡೆ ಹೇಳಿದರು. ಮನೆ ಕಂದಾಯದ ರಸೀದಿ ತೆಗೆದು ನೋಡಿ. ಕಂದಾಯದ ಕೆಳಗೆ ಆರೋಗ್ಯ ಕರ, ಶಿಕ್ಷಣ ಕರ, ಭಿಕ್ಷುಕರ ಕರದ ಜೊತೆ ಗ್ರಂಥಾಲಯ ಕರ ಎಂದು ಒಂದು ಸಾಲಿದೆ, ನೂರಕ್ಕೆ ಆರು. ಐನೂರು ರೂಪಾಯಿ ಕಂದಾಯ ಕಟ್ಟುವ ಮನೆ ಅದರ ಮೇಲೆ ಮೂವತ್ತು ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತದೆ. ಸವಣೂರಿನ ಆ ಹನ್ನೊಂದು ಹೆಣ್ಣುಮಕ್ಕಳ ಮನೆಗಳು ತಲಾ ಮೂವತ್ತು ಕಟ್ಟಿದರೆ 330 ಆಯಿತು, ನನ್ನ ಕಾದಂಬರಿಯ ಬೆಲೆಗಿಂತ ನೂರಹತ್ತು ಹೆಚ್ಚು. ಪುಸ್ತಕದ ದುಡ್ಡು ಅವರು ಆಗಲೇ ಕೊಟ್ಟಿದ್ದಾರೆ. ಹಾಗಿದ್ದೂ ಹಾಳೆ ಕಿತ್ತ ಒಂದೇ ಪ್ರತಿಯನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಓದುತ್ತಿದ್ದಾರೆ.

ಒಂದು ಪಂಚಾಯಿತಿಯಲ್ಲಿ ಸಾವಿರ ಮನೆ, ಮನೆಗೆ ಸರಾಸರಿ ಐನೂರು ಕಂದಾಯ ಎಂದು ಇಟ್ಟುಕೊಳ್ಳಿ. ವರ್ಷಕ್ಕೆ ಗ್ರಂಥಾಲಯ ಕರ 30,000 ರೂಪಾಯಿ. ಪತ್ರಿಕೆ, ಕರೆಂಟು, ಪರೀಕ್ಷಾ ಪುಸ್ತಕ, ಮಕ್ಕಳ ಪುಸ್ತಕ ಎಲ್ಲಕ್ಕೂ ಅದರಲ್ಲಿ ಒಂಬತ್ತು ಪಾಲು ಇಟ್ಟುಕೊಳ್ಳಿ. ಹತ್ತರಲ್ಲಿ ಒಂದು ಪಾಲನ್ನು, ಮೂರು ಸಾವಿರವನ್ನು, ಆ ವರ್ಷ ಅಥವಾ ಹಿಂದಿನ ವರ್ಷ ಅಚ್ಚಾದ ಕಥೆ ಕಾದಂಬರಿಗಳಿಗೆ ಕೊಡಿ. ಇನ್ನೂರು ರೂಪಾಯಿಯ ಹದಿನೈದು ಪುಸ್ತಕ ಬರುತ್ತವೆ. ಬಿಡಿಬಿಡಿಯಾಗಿ ತರಿಸಬೇಡಿ. ಹದಿನೈದು ಪುಸ್ತಕ ಸೇರಿದರೆ ನಾಲ್ಕು ಕಿಲೋ ಆಸುಪಾಸು, ಐದು ಕಿಲೋದ ಒಂದೇ ಜ್ಞಾನ ಪೋಸ್ಟ್ ಕಟ್ಟಿನಲ್ಲಿ ನೂರು ರೂಪಾಯಿ ಚಿಲ್ಲರೆಗೆ ಊರು ಮುಟ್ಟುತ್ತವೆ. ನಮ್ಮಂಥ ನಾಲ್ಕೈದು ಬರಹಗಾರರು ಸೇರಿ ಒಂದೇ ಕಟ್ಟು ಮಾಡಿ ಕಳಿಸಲು ತಯಾರಿದ್ದೇವೆ.

ಈ ಸಣ್ಣ ಮೊತ್ತ ನಮ್ಮ ಕಡೆಗೆ ಎಷ್ಟು ದೊಡ್ಡದು ಎಂದು ಹೇಳಬೇಕು. ರಾಜ್ಯದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿವೆ. ಹತ್ತರಲ್ಲಿ ಒಂದು ಪಂಚಾಯಿತಿ, ಒಂದು ಕಾದಂಬರಿಯ ಒಂದೇ ಒಂದು ಪ್ರತಿ ಕೊಂಡರೂ ಆರುನೂರು ಪ್ರತಿ. ನಾನು ಒಂದು ಮುದ್ರಣಕ್ಕೆ ಅಚ್ಚು ಹಾಕಿಸುವುದೇ ಐನೂರು. ಹಾಗಾದಾಗ ಆರು ಪುಟ ಉಳಿಸಲು ಯಾರೂ ಜಾತ್ರೆಯ ಅಧ್ಯಾಯ ಕೀಳಬೇಕಾಗಿಲ್ಲ. ಅಂಗಡಿಯವರು ಹಣ ಕೊಡುವವರೆಗೆ ಮುಂದಿನ ಪುಸ್ತಕವನ್ನು ನಿಲ್ಲಿಸಿಟ್ಟುಕೊಳ್ಳಬೇಕಾಗಿಲ್ಲ. ನನ್ನ ನಾಲ್ಕನೆಯ ಕಾದಂಬರಿಯ ಹಸ್ತಪ್ರತಿ ಮುಗಿದು ಐದು ತಿಂಗಳಿಂದ ಬೀರುವಿನಲ್ಲಿ ಕೂತಿದೆ, 52,000 ಕೂಡಿಸುವವರೆಗೆ ಅದು ಅಲ್ಲಿಂದ ಏಳುವುದಿಲ್ಲ.

ಒಂದು ಪಂಚಾಯಿತಿಯ ಪಿಡಿಒ ಅವರು ಪುಸ್ತಕ ಕೊಳ್ಳಲು ನಿಜವಾಗಿಯೂ ಮನಸ್ಸು ಮಾಡಿದರು. ಓದುವ ಅಭಿರುಚಿ ಇರುವ ಮನುಷ್ಯ. ಆದರೆ, "ಮೇಡಂ, ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತೆ. ಮೂರು ಕೊಟೇಷನ್ ಬೇಕು" ಎಂದರು. ಕುರ್ಚಿಗೆ, ಟೇಬಲ್ಲಿಗೆ ಮೂರು ಅಂಗಡಿಗಳ ದರದ ಕೊಟೇಷನ್ ಸರಿ. ಒಬ್ಬಳೇ ಬರೆದು ಒಬ್ಬಳೇ ಅಚ್ಚು ಹಾಕಿಸಿದ ಕಾದಂಬರಿಗೆ ಉಳಿದ ಎರಡು ಕೊಟೇಷನ್ ಯಾರು ಕೊಡಬೇಕು? ಪುಸ್ತಕದ ಬೆಲೆ ಹಿಂಬದಿಯಲ್ಲೇ ಅಚ್ಚಾಗಿದೆ, ಪಕ್ಕದಲ್ಲಿ ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆ ಇದೆ. ಆ ಸಂಖ್ಯೆಯನ್ನು ದೆಹಲಿಯ ರಾಜಾ ರಾಮಮೋಹನ ರಾಯ್ ಹೆಸರಿನ ಸಂಸ್ಥೆ ನನ್ನಂಥ ಒಂಟಿ ಪ್ರಕಾಶಕರಿಗೂ ಉಚಿತವಾಗಿ ಕೊಡುತ್ತದೆ. ಪಂಚಾಯಿತಿ ಸಭೆಯಲ್ಲಿ ಒಂದು ನಿರ್ಣಯ, ಅಚ್ಚಾದ ಬೆಲೆಯ ಮೇಲೆ ಇಷ್ಟು ರಿಯಾಯಿತಿ ಎಂಬ ಒಂದು ಸಾಲು, ಬರಹಗಾರರ ರಸೀದಿ, ಬ್ಯಾಂಕ್ ಖಾತೆಗೆ ನೇರ ಪಾವತಿ. ಸಣ್ಣ ಮೊತ್ತದ ಪುಸ್ತಕ ಖರೀದಿಗೆ ಇಷ್ಟು ಸಾಕು ಎಂದು ಸ್ಪಷ್ಟವಾಗಿ ಬರೆದುಕೊಡಿ ಎಂದು ನೀವು, ಗೆದ್ದು ಬಂದ ಜನಪ್ರತಿನಿಧಿಗಳು, ಮೇಲಿನವರನ್ನು ಕೇಳಬೇಕು. ನಾನು ಕೇಳಿದರೆ ಅದು ಒಬ್ಬಳ ಅರ್ಜಿಯಾಗುತ್ತದೆ, ನೀವು ಕೇಳಿದರೆ ಪಂಚಾಯಿತಿಯ ಬೇಡಿಕೆ. ಪಾವತಿ ಒಂದು ತಿಂಗಳೊಳಗೆ ಆಗಲಿ. ನನ್ನಂಥವಳಿಗೆ ಒಂದು ವರ್ಷದ ಬಾಕಿ ಎಂದರೆ ಒಂದು ವರ್ಷ ತಡವಾದ ಪುಸ್ತಕ.

ಯಾವ ಪುಸ್ತಕ ಎಂಬುದನ್ನು ಯಾರು ಆರಿಸಬೇಕು? ಇಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ನಾವು ಬರಹಗಾರರೂ ಬೇಡ, ಏಜೆಂಟರೂ ಬೇಡ. ಪ್ರತಿ ಪಂಚಾಯಿತಿಯಲ್ಲೂ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟವಿದೆ. ಒಕ್ಕೂಟದ ಮೂವರು ಓದುವ ಹೆಂಗಸರು, ಗ್ರಂಥಾಲಯದ ಮೇಲ್ವಿಚಾರಕರು, ಶಾಲೆಯ ಒಬ್ಬ ಮೇಷ್ಟರು ಕೂತು ಪಟ್ಟಿ ಮಾಡಲಿ. ನನ್ನ ಪುಸ್ತಕ ಆ ಪಟ್ಟಿಯಲ್ಲಿ ಬರದಿದ್ದರೆ ನನಗೆ ಬೇಸರವಿಲ್ಲ. ಯಾರದೋ ಹೊಸ ಕಾದಂಬರಿ ಬಂದಿದ್ದರೆ ಸಾಕು, ಆ ಓದುಗರು ಒಂದಲ್ಲ ಒಂದು ದಿನ ನನ್ನ ಕಡೆಗೂ ಬರುತ್ತಾರೆ.

ಇನ್ನೊಂದು ಸಂಗತಿ ಮೇಲ್ವಿಚಾರಕಿಯರಿಂದಲೇ ಕಲಿತೆ. ಹೆಂಗಸರು ಗ್ರಂಥಾಲಯಕ್ಕೆ ಬರುವುದು ಕಷ್ಟ. ಬಾಗಿಲು ತೆರೆದಿರುವ ಹೊತ್ತಿಗೆ ಅವರು ತೋಟದಲ್ಲೋ ಕೂಲಿಯಲ್ಲೋ ಇರುತ್ತಾರೆ, ಬಿಡುವಾದ ಹೊತ್ತಿಗೆ ಅಲ್ಲಿ ಹುಡುಗರ ಗುಂಪಿರುತ್ತದೆ. ಮೊಬೈಲಿನಲ್ಲಿ ಡಿಜಿಟಲ್ ಗ್ರಂಥಾಲಯ ಇದೆಯಲ್ಲ ಎಂದರೆ, ಫೋನು ಮಗನ ಕೈಯಲ್ಲಿ. ಒಬ್ಬ ಮೇಲ್ವಿಚಾರಕಿ ತಾನಾಗಿಯೇ ಒಂದು ಉಪಾಯ ಮಾಡಿದ್ದರು: ಸಂಘದ ವಾರದ ಸಭೆಗೆ ಬಟ್ಟೆ ಚೀಲದಲ್ಲಿ ಎಂಟು ಪುಸ್ತಕ ಹಾಕಿಕೊಂಡು ಹೋಗುವುದು, ಉಳಿತಾಯದ ಹಣ ಎಣಿಸಿ ಮುಗಿದ ಮೇಲೆ ಪುಸ್ತಕ ಬದಲಾಯಿಸಿಕೊಂಡು ಬರುವುದು. ಅವರ ಎರವಲು ವಹಿ ತುಂಬಿತ್ತು. ಇದಕ್ಕೆ ಆದೇಶ, ಅನುದಾನ ಏನೂ ಬೇಕಾಗಿರಲಿಲ್ಲ, ಬಟ್ಟೆ ಚೀಲ ಸಾಕಾಗಿತ್ತು.

ಕಾದಂಬರಿ ಎಂದರೆ ಹೊತ್ತು ಕಳೆಯುವುದಕ್ಕೆ, ಪರೀಕ್ಷಾ ಪುಸ್ತಕ ಎಂದರೆ ಬದುಕಿಗೆ ಎಂದು ಒಬ್ಬ ಸದಸ್ಯರು ಹೇಳಿದರು. ಅವರ ಮಗ ಪರೀಕ್ಷೆಗೆ ಓದುತ್ತಿದ್ದಾನೆ, ಆ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಅದೇ ಮನೆಯಲ್ಲಿ ಅವನ ತಾಯಿ ಇದ್ದಾಳೆ, ಅಜ್ಜಿ ಇದ್ದಾಳೆ, ಏಳನೇ ತರಗತಿಗೆ ಶಾಲೆ ಬಿಟ್ಟು ಮದುವೆಯಾದ ಸೊಸೆ ಇದ್ದಾಳೆ. ಅವರಿಗೆ ಬರೆಯಲು ಯಾವ ಪರೀಕ್ಷೆಯೂ ಇಲ್ಲ. ಅಕ್ಷರ ಕಲಿತವರು ಓದದೆ ಹೋದರೆ ಅಕ್ಷರ ಮರೆಯುತ್ತದೆ. ನಮ್ಮ ಮಂಡಿಗೆ ಬರುವ ಹೆಂಗಸೊಬ್ಬರು ಹತ್ತು ವರ್ಷದ ಹಿಂದೆ ಸಹಿ ಹಾಕುತ್ತಿದ್ದರು, ಈಗ ಹೆಬ್ಬೆಟ್ಟು ಒತ್ತುತ್ತಾರೆ. ಯಾಕಮ್ಮಾ ಎಂದರೆ, "ಕೈಗೆ ಬರಾಕಿಲ್ಲ ಕಣವ್ವ, ಬಿಟ್ಟೋಯ್ತು" ಎಂದರು. ಸವಣೂರಿನ ಹನ್ನೊಂದು ಜನರಲ್ಲಿ ಇಬ್ಬರು ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು, ಒಂದೂವರೆ ತಿಂಗಳು ತೆಗೆದುಕೊಂಡು ನನ್ನ ಕಾದಂಬರಿ ಓದಿದರಂತೆ. ಮುಂದೇನಾಯಿತು ಎಂಬ ಆಸೆ ಇಲ್ಲದಿದ್ದರೆ 208 ಪುಟ ಅವರು ಯಾಕೆ ಓದುತ್ತಿದ್ದರು?

ಅವರ ಜಿಲ್ಲೆಯವರೇ ಗಳಗನಾಥರು. ನೂರು ವರ್ಷಕ್ಕೂ ಹಿಂದೆ ತಮ್ಮ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಊರೂರಿಗೆ ಹೋಗಿ ಮಾರಿದವರು. ಆ ಸುಮಾರಿಗೇ, 1913ರಲ್ಲಿ, ನಂಜನಗೂಡಿನಲ್ಲಿ ತಿರುಮಲಾಂಬ ಅವರು 'ಸತೀಹಿತೈಷಿಣಿ' ಎಂಬ ಗ್ರಂಥಮಾಲೆ ಶುರುಮಾಡಿ ತಮ್ಮ ಕಾದಂಬರಿಗಳನ್ನು ತಾವೇ ಪ್ರಕಟಿಸಿದರು. ಬಾಲವಿಧವೆ, ಮನೆಯಲ್ಲಿ ತಂದೆಯಿಂದ ಓದು ಕಲಿತವರು. ಪುತ್ತೂರಿನಲ್ಲಿ ಕಾರಂತರು ಸ್ವಂತ ಮುದ್ರಣಾಲಯ ಇಟ್ಟು ಅಚ್ಚು ಹಾಕಿದರು. ಮೊದಲ ಕಟ್ಟು ಪುಸ್ತಕ ಆಟೋದಿಂದ ಇಳಿಸಿದ ರಾತ್ರಿ ನನಗೆ ನೆನಪಾದದ್ದು ನಂಜನಗೂಡಿನ ಆ ಹೆಣ್ಣುಮಗಳು. ಅಂಚೆಯ ಗಾಡಿ, ಕೈಯಲ್ಲಿ ಜೋಡಿಸಿದ ಅಚ್ಚಿನ ಮೊಳೆ, ಅಷ್ಟರಲ್ಲೇ ಅವರು ಓದುಗರನ್ನು ಮುಟ್ಟಿದರು. ಆಗ ಹಳ್ಳಿಯಲ್ಲಿ ಓದು ಬಲ್ಲ ಹೆಂಗಸರು ವಿರಳ, ಗ್ರಂಥಾಲಯ ಇನ್ನೂ ವಿರಳ. ಈಗ ಎರಡೂ ಇವೆ. ಆ ಹೆಂಗಸರಿಗೂ ಆ ಕೋಣೆಗೂ ನಡುವೆ ಇರುವುದು ಬೀಗ ಹಾಕಿದ ಒಂದು ಬೀರು, ಮೂರು ಕೊಟೇಷನ್.

ಸವಣೂರಿಗೆ ಮರುದಿನವೇ ಎರಡು ಪ್ರತಿ ಕಳಿಸಿದೆ. ಈ ಸಲ ಬೆನ್ನಿಗೆ ದಪ್ಪ ಬಟ್ಟೆಯ ಪಟ್ಟಿ ಅಂಟಿಸಿ, ಕೊನೆಯ ಫಾರಮ್ಮನ್ನು ಮಂಡಿಯ ದಬ್ಬಣದಲ್ಲಿ ಹೊಲಿದು ಕಳಿಸಿದೆ. ತೂಕ ಮುನ್ನೂರು ದಾಟಿತು. ದಾಟಲಿ ಎಂದೆ.

ನಿಮ್ಮಲ್ಲಿ ಯಾವ ಪಂಚಾಯಿತಿಯವರು ಕರೆದರೂ ಬರುತ್ತೇನೆ. ಬಸ್ ಖರ್ಚಿಲ್ಲ, ಗೌರವಧನ ಬೇಡ. ನನ್ನ ಪುಸ್ತಕವೇ ಆಗಬೇಕೆಂದಿಲ್ಲ, ನಿಮ್ಮ ಬೀರುವಿನಲ್ಲಿರುವ ಯಾವ ಕಾದಂಬರಿಯನ್ನಾದರೂ ಸಂಘದ ಹೆಂಗಸರ ಮುಂದೆ ಕೂತು ಗಟ್ಟಿಯಾಗಿ ಓದುತ್ತೇನೆ. ಹರಾಜಿನ ದಿನ ಬಿಟ್ಟು ಯಾವ ದಿನವಾದರೂ ಆಗಬಹುದು. ಬೀರುವಿನ ಬೀಗದ ಕೈ ಮಾತ್ರ ಅವತ್ತು ಮೇಲ್ವಿಚಾರಕಿಯ ಹತ್ತಿರ ಇರಲಿ.

ಇಂತಿ ನಿಮ್ಮ ವಿಶ್ವಾಸಿ,
ತಿಪಟೂರಿನ ಒಬ್ಬ ಕಾದಂಬರಿಗಾರ್ತಿ